ಮುನ್ನೂರು ಪದಗಳ ಗೆಳೆತನ

ಪತ್ರಿಕೆಯಿಂದ ಫೋನು ಬಂದಾಗ ಹಿರಿಯ ಕವಿಗಳು ಹೆಸರುಕಾಳು ಉಸಲಿ ತಿನ್ನುತ್ತಿದ್ದರು.

"ಸರ್, ಕಾದಂಬರಿಕಾರ ನಂಜುಂಡಯ್ಯನವರ ಬಗ್ಗೆ ನಾಳೆ ಮುಖಪುಟಕ್ಕೆ ಮುನ್ನೂರು ಪದ ಬೇಕಿತ್ತು. ನಲವತ್ತು ವರ್ಷದ ಗೆಳೆಯರು ನೀವು. ಇವತ್ತು ಅವರಿಗೆ..." ಎಂದಳು ಉಪಸಂಪಾದಕಿ.

"ಬೇಡಮ್ಮ, ಹೇಳ್ಬೇಡ! ನನ್ನ ಕೈಲಿ ಕೇಳೋಕಾಗಲ್ಲ. ಹತ್ತೇ ನಿಮಿಷ, ಕಳಿಸ್ತೀನಿ."

ಹತ್ತು ನಿಮಿಷವೂ ಹೆಚ್ಚೇ. ಮೂರು ವರ್ಷದ ಹಿಂದೆ ನಂಜುಂಡಯ್ಯನಿಗೆ ಹೃದಯದ ಆಪರೇಷನ್ ಆದ ದಿನವೇ ಕವಿಗಳು ನುಡಿನಮನ ಬರೆದು ಡ್ರಾಯರಿನಲ್ಲಿ ಇಟ್ಟಿದ್ದರು. ಆ ಹಾಳು ಮನುಷ್ಯ ಎದ್ದು ಕೂತು ಇನ್ನೂ ಎರಡು ಕಾದಂಬರಿ ಬರೆದದ್ದರಿಂದ ಅದು ಅಲ್ಲೇ ಕೊಳೆಯುತ್ತಿತ್ತು. ಈಗ 'ನನ್ನ ಅರ್ಧ ಜೀವವೇ ಹೋಯಿತು' ಎಂಬ ಕೊನೆಯ ಸಾಲಿನ ಕೆಳಗೆ ತಾರೀಖು ಹಾಕಿದರು. ಒಂದು ಹನಿ ಕಣ್ಣೀರು ಬಂದರೆ ಚೆನ್ನಾಗಿರುತ್ತದೆಂದು ಕನ್ನಡಕ ತೆಗೆದು ಕಾದರು. ಬರಲಿಲ್ಲ. ಹಾಳೆಯ ಫೋಟೋ ತೆಗೆದು ಕಳಿಸಿ, ಉಳಿದ ಉಸಲಿ ಮುಗಿಸಿದರು.

ಮತ್ತೆ ಫೋನು ಬಂತು.

"ಏನ್ ಸರ್ ಹೀಗೆ ಬರೆದಿದ್ದೀರಿ? ಅವರು ಗುಂಡುಕಲ್ಲಿನ ಹಾಗಿದ್ದಾರೆ! ಇವತ್ತು ಅವರಿಗೆ ದೊಡ್ಡ ಪ್ರಶಸ್ತಿ ಬಂದಿದೆ. ನಾವು ಕೇಳಿದ್ದು ಅಭಿನಂದನೆಯ ಬರಹ."

ಅಷ್ಟು ಕಾದರೂ ಬಾರದಿದ್ದ ಕಣ್ಣೀರು ಆಗ ದಳದಳನೆ ಸುರಿಯಿತು.