ಲಾಯಿಲದ ನ್ಯೂಜಿಲೆಂಡ್

"ಊರಿನದ್ದು ಎಂತದೂ ಬೇಡ ನಿಝಾರ್. ಮದುಮಕ್ಕಳ ಹಿಂದೆ ಫಾರಿನ್ನೇ ಬರಬೇಕು. ಇಲ್ಲದಿದ್ರೆ ಆ ಸಿಡಿ ನೀನೇ ಇಟ್ಟುಕೋ," ಎಂದು ವೇಣೂರಿನ ಅಭಯಚಂದ್ರರು ಫೋನಿನಲ್ಲಿ ಮತ್ತೊಮ್ಮೆ ಗುಡುಗಿದರು. ಮಗ ರಿಷಭನ ಮದುವೆಯ ವೀಡಿಯೋ ಅವರಿಗೆ ಮಾನದ ಪ್ರಶ್ನೆಯಾಗಿತ್ತು. ತಂಗಿಯ ಮಗನ ಮದುವೆಯ ಸಿಡಿಯಲ್ಲಿ ವಧೂವರರು ಸ್ವಿಜರ್ಲೆಂಡಿನ ಹಿಮದ ಮೇಲೆ ನಡೆದಿದ್ದರು, ಅದೂ ಬರಿಗಾಲಿನಲ್ಲಿ.

ಲಾಯಿಲದ ಮನೆಯಲ್ಲೇ ಇದ್ದ ತನ್ನ ವೀಡಿಯೋ ಮಿಕ್ಸಿಂಗ್ ಕೋಣೆಯಲ್ಲಿ ನಿಝಾರ್ ಬೆಳಗಿನಿಂದ ಪ್ರಕೃತಿ ಸೌಂದರ್ಯ ಹುಡುಕುತ್ತಿದ್ದ. ಕಂಪ್ಯೂಟರ್ ಪರದೆಗೆ ಬೆಳಕು ಬೀಳಬಾರದೆಂದು ಕಿಟಕಿಗೆ ಕಪ್ಪು ಬಟ್ಟೆ ಹೊಡೆದಿದ್ದ. ಗಲ್ಫಿನಿಂದ ಭಾವ ಸಿಡಿಯಲ್ಲಿ ತಂದುಕೊಟ್ಟ ಹಿಮ, ಹೂದೋಟ, ಹಂಸಗಳೆಲ್ಲ ತಾಲೂಕಿನ ಅಷ್ಟೂ ದಂಪತಿಗಳ ಹಿಂದೆ ನಿಂತು ಸವೆದುಹೋಗಿದ್ದವು. ಕಣ್ಣು ಉರಿಯುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಬೈಯುತ್ತಲೇ ಹಿಂಬಾಗಿಲು ತೆರೆದ.

ಮಳೆ ಆಗಷ್ಟೇ ಬಿಟ್ಟಿತ್ತು. ಎದುರಿಗೆ ಗಡಾಯಿಕಲ್ಲು. ಅವನು ಹುಟ್ಟುವ ಮೊದಲೇ ಅಲ್ಲಿದ್ದ ಕಲ್ಲುಗುಡ್ಡವೇ. ಆದರೆ ಇವತ್ತು ಅದರ ಸೊಂಟಕ್ಕೆ ಮಂಜು ಸುತ್ತಿತ್ತು, ಕರಿಬಂಡೆಯ ಮೇಲಿಂದ ಇಳಿಯುವ ನೀರಿಗೆ ಬಿಸಿಲು ತಾಗಿ ಗುಡ್ಡವಿಡೀ ಹೊಳೆಯುತ್ತಿತ್ತು. ಇಷ್ಟು ಚಂದವನ್ನು ಇಷ್ಟು ವರ್ಷ ಬೆನ್ನ ಹಿಂದೆ ಹಾಕಿ ಕೂತಿದ್ದೆನಲ್ಲ ಎಂದು ನಿಝಾರನಿಗೆ ನಿಜಕ್ಕೂ ನಾಚಿಕೆಯಾಯಿತು.

"ಎಂತ ಅಷ್ಟು ನೋಡುವುದು?" ಮಳೆಗೆ ಒಳಗೆ ತಂದ ಬಟ್ಟೆಗಳನ್ನು ಮತ್ತೆ ತಂತಿಗೆ ಹರವುತ್ತಿದ್ದ ಹೆಂಡತಿ ಮಾಜಿದಾ ಕೇಳಿದಳು.

"ಗುಡ್ಡ."

"ಅದು ಯಾವಾಗಲೂ ಅಲ್ಲೇ ಉಂಟಲ್ಲ!"

"ಅದೇ ಮಾರಾಯ್ತಿ," ಎಂದವನು ಒಳಗೆ ಓಡಿ ಕ್ಯಾಮೆರಾ ತಂದ.

ಮರುದಿನ ಅಭಯಚಂದ್ರರು ಸೊಸೆ ಬ್ರಾಹ್ಮಿಯನ್ನು ಕರೆದುಕೊಂಡು ವೀಡಿಯೋ ನೋಡಲು ಬಂದರು. ಪರದೆಯಲ್ಲಿ ರಿಷಭ್, ಬ್ರಾಹ್ಮಿ ಕೈಹಿಡಿದು ನಿಂತರು. ಅವರ ಹಿಂದೆ ಗುಡ್ಡ ಹೊಳೆಯಿತು. ನಿಝಾರ್ ಅಭಯಚಂದ್ರರ ಮುಖವನ್ನೇ ನೋಡಿದ. ಇದನ್ನು ತೆಗೆ ಎಂದರೆ ಮತ್ತೆ ಆ ಹಂಸಗಳೇ ಗತಿ.

"ಎಂಥ ಜಾಗ!" ಪಕ್ಕದ ಬೆಳ್ತಂಗಡಿಗೆ ಬಂದಾಗಲೆಲ್ಲ ಕಾರಿನ ಗಾಜಿನಲ್ಲಿ ಅದೇ ಗುಡ್ಡವನ್ನು ಕಾಣುತ್ತಿದ್ದ ಅಭಯಚಂದ್ರರು ಉದ್ಗರಿಸಿದರು. "ಇದು ಯಾವ ದೇಶ ಮಾರಾಯ?"

ನಿಜ ಹೇಳಿದರೆ ವೀಡಿಯೋದಲ್ಲಿ ಗುಡ್ಡ ಉಳಿಯುವಂತಿರಲಿಲ್ಲ. "ನ್ಯೂಜಿಲೆಂಡ್, ಅಭಯಣ್ಣ," ಎಂದ ನಿಝಾರ್.

"ನೋಡಿದ್ಯಾ ಬ್ರಾಹ್ಮಿ? ದೇವರು ಕೊಡುವುದೆಲ್ಲ ಅವರಿಗೇ. ನಮ್ಮಲ್ಲಿ ಎಂತ ಉಂಟು, ಮಣ್ಣು!" ಎಂದವರು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಈ ಮೂಲೆಯಲ್ಲಿ ಹಾರುವುದು ಎಂತ? ಲುಂಗಿಯಾ?"

ನಿಝಾರನೂ ಬಗ್ಗಿ ನೋಡಿದ. ಗುಡ್ಡದ ಗುಂಗಿನಲ್ಲಿ ಅವನು ತಂತಿಯ ಮೇಲಿದ್ದ ತನ್ನದೇ ಚೌಕುಳಿ ಲುಂಗಿಯನ್ನು ಗಮನಿಸಿರಲೇ ಇಲ್ಲ. "ನಮ್ಮ ಊರಿನವರು ಎಲ್ಲಿ ಇಲ್ಲ ಹೇಳಿ!"

"ಅದು ಹೌದು," ಎಂದು ಅವರು ಹೆಮ್ಮೆಯಿಂದ ತಲೆದೂಗಿದರು.

ಬ್ರಾಹ್ಮಿಗೆ ನಗು ತಡೆಯಲಾಗಲಿಲ್ಲ. ಎದ್ದು ಹೋಗಿ ಹಿಂಬಾಗಿಲು ತೆರೆದಳು. ಒಣಗದ ಲುಂಗಿ ಇನ್ನೂ ತಂತಿಯಲ್ಲೇ ಇತ್ತು. ಅದರಾಚೆ ಗಡಾಯಿಕಲ್ಲು, ಮಂಜಿನ ಸಮೇತ.

"ಮಾವ, ಒಮ್ಮೆ ಇತ್ತ ನೋಡಿ."

ಬೆಳಕು ನೇರವಾಗಿ ಪರದೆಗೆ ಹೊಡೆಯಿತು. ಅಭಯಚಂದ್ರರು ತಿರುಗದೆಯೇ ಕೈ ಅಡ್ಡ ಹಿಡಿದರು.

"ಬಾಗಿಲು ಹಾಕು ಮಗಾ, ನ್ಯೂಜಿಲೆಂಡ್ ಕಾಣುವುದಿಲ್ಲ."