ಹುಳದ ಮನೆ ಬಾಗಿಲು

ಮಾರ್ಗಶಿರದ ಚಳಿ, ಬೆಳಗಿನ ಹೊತ್ತು. ಬಿಸಿಲು ಏರುವ ಮುಂಚೆ ಅತ್ತೆ ಸೊಸೆ ಇಬ್ಬರೂ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದರು. ಮೂರು ತಿಂಗಳ ಬಸುರಿ ಕೀರ್ತನ ಬದುವಿನ ಮೇಲೆ ಕೂತು, ನಿನ್ನೆಯಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಹೊರಗೆ ಹಾಕಿದಳು.

"ಡಾಕ್ಟ್ರು ಒಂದು ಟೆಸ್ಟ್ ಹೇಳಿದ್ರು ಅತ್ತೆ. ಸ್ಕ್ಯಾನಿಂಗು, ಜೊತೆಗೆ ರಕ್ತ. ಮಗು ನಮ್ ಮನೋಹರನ ಥರ ಇರೋ ಸಾಧ್ಯತೆ ಎಷ್ಟು ಅಂತ ಗೊತ್ತಾಗುತ್ತಂತೆ. ಮಾಡಿಸ್ಲೇಬೇಕು ಅಂತೇನಿಲ್ಲ, ನಿಮ್ಮಿಷ್ಟ ಅಂದ್ರು. ಮಾಡ್ಸೋದಾದ್ರೆ ಗುರುವಾರ ಬರ್ಬೇಕಂತೆ."

ಮನೋಹರ ತವರೂರು ಸಾಸಲಿನಲ್ಲಿರುವ ಅವಳ ತಮ್ಮ. ಹುಟ್ಟಿನಿಂದಲೇ ಬುದ್ಧಿ ನಿಧಾನ. ಇಪ್ಪತ್ತು ದಾಟಿದ್ದರೂ ಮಾತು, ನಗು ಎರಡೂ ಎಳೆ ಹುಡುಗನವು.

ಅತ್ತೆ ಮಾರಕ್ಕನ ಕೈ ಗಿಡದ ಮೇಲೇ ನಿಂತಿತು. "ಬ್ಯಾಡ," ಅಂದಳು. ಮತ್ತೆ ಸೊಪ್ಪು ಬಿಡಿಸತೊಡಗಿದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಗ ವಸಂತ ಮಾತು ತೆಗೆದ. "ಈಗೆಲ್ಲಾ ಮಾಡಿಸ್ತಾರೆ ಕಣವ್ವ. ನಿಂಗೇನ್ ಗೊತ್ತು ಟೆಸ್ಟಿನ ವಿಚಾರ?"

"ನಂಗ್ ಗೊತ್ತಿಲ್ದೆ ಇನ್ಯಾರಿಗ್ಲಾ ಗೊತ್ತು? ನಿನ್ನ ಹೆರೋಕ್ ಮುಂಚೆ ಬಿತ್ತನೆ ಕೋಠೀಲಿ ಅದೇ ಕೆಲ್ಸ ಮಾಡ್ತಿದ್ದೆ."

ಬಿತ್ತನೆ ಕೋಠಿ ಅಂದರೆ ರೇಷ್ಮೆ ಹುಳದ ಮೊಟ್ಟೆ ತಯಾರಾಗುವ ಜಾಗ. ಚಿಟ್ಟೆ ಮೊಟ್ಟೆ ಇಟ್ಟಾದ ಮೇಲೆ ಆ ತಾಯಿ ಚಿಟ್ಟೆಯನ್ನೇ ಅರೆದು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡುತ್ತಾರೆ. ತಾಯಿಯಿಂದ ಮೊಟ್ಟೆಗೆ ದಾಟುವ ಗಂಟುರೋಗ ಕಂಡರೆ ಅದರ ಮೊಟ್ಟೆಗಳೆಲ್ಲ ಬೆಂಕಿಗೆ. ಅರೆಯುವ ಕೆಲಸ ಮಾರಕ್ಕನದಾಗಿತ್ತು.

"ಟೆಸ್ಟ್ ಮಾಡೋದೇ ಸುಡೋಕೆ. ಇಲ್ದಿದ್ರೆ ಯಾಕ್ ನೋಡ್ಬೇಕು? ಮೊಟ್ಟೆ ಚೆನ್ನಾಗಿದ್ರೂ ತಾಯಿ ಮಾತ್ರ ಉಳೀತಿರ್ಲಿಲ್ಲ ಕಣ್ಲಾ. ನನ್ ಕೈಯಾರೆ ಅರ್ದಿದೀನಿ."

ವಸಂತ ನಕ್ಕ. "ನಿನ್ ಸೊಸೇನ ಯಾರೂ ಅರೆಯಲ್ಲವ್ವ. ತೋಳಿಂದ ಒಂಚೂರು ರಕ್ತ ತಗೋತಾರೆ, ಅಷ್ಟೇ."

ಕೀರ್ತನ ನಗಲಿಲ್ಲ. "ಸುಡೋಕಲ್ಲ ಅತ್ತೆ ನಾ ಕೇಳ್ತಿರೋದು. ಮನೋಹರ ಹುಟ್ಟಿದಾಗ ಎದೆ ಚೀಪೋಕೂ ತ್ರಾಣ ಇರ್ಲಿಲ್ಲ. ದೃಷ್ಟಿ ಆಗಿದೆ ಅಂತ ತಾಯ್ತ ಕಟ್ಟಿದ್ರು. ಹಾರ್ಟಲ್ಲಿ ತೂತಿದೆ ಅಂತ ಗೊತ್ತಾಗೋ ಹೊತ್ಗೆ ನಮ್ಮಮ್ಮ ಅರ್ಧ ಆಗಿದ್ಲು. ಮುಂಚೇನೇ ಗೊತ್ತಿದ್ದಿದ್ರೆ ದೊಡ್ಡಾಸ್ಪತ್ರೇಲಿ ಹೆರ್ತಿದ್ಲು."

"ಹಂಗಾದ್ರೆ ಮಾಡಿಸ್ಕೊ. ಯೋಚ್ನೆ ಏನು?" ಅಂದ ವಸಂತ.

"ಇದೆ ಅಂತ ಬಂದ್ರೆ ಈ ಮನೆ ಏನ್ ಮಾಡುತ್ತೆ ರೀ? ಅದನ್ನ ಮೊದ್ಲು ಹೇಳಿ. ಅದು ಗೊತ್ತಾಗ್ದೆ ನಾನು ರಕ್ತ ಕೊಡಲ್ಲ."

"ಬಂದಾಗ ನೋಡ್ಕೊಳೋಣ ಬಿಡೆ."

"ಬಂದಾಗ ನೋಡೋ ಮಾತಲ್ಲ ಇದು."

ವಸಂತ ಮುದ್ದೆಯನ್ನು ಬೆರಳಲ್ಲಿ ಒತ್ತುತ್ತ ಕೂತ. ಮಾರಕ್ಕ ಕೈ ತೊಳೆದು, ರೇಷ್ಮೆ ಸಾಕುವ ಹುಳದ ಮನೆಗೆ ಹೋದಳು.

ಆ ಹುಳದ ಮನೆಗೆ ಅವಳು ಹೊರಗಿನವರನ್ನು ಬಿಟ್ಟವಳೇ ಅಲ್ಲ. ಕಾಲಿನ ಧೂಳಲ್ಲಿ ರೋಗ ಬರುತ್ತದೆ, ಬಂದರೆ ಬೆಳೆಯೆಲ್ಲ ಹೋಗುತ್ತದೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರು. ಅದರಲ್ಲಿ ಕಾಲು ಅದ್ದದೆ ಮಗನೂ ಒಳಗೆ ಕಾಲಿಡುವಂತಿಲ್ಲ. ಒಡಹುಟ್ಟಿದ ತಮ್ಮ ಬೈರಣ್ಣ ಒಮ್ಮೆ ಬೀಡಿ ಸೇದುತ್ತ ಒಳಗೆ ಬಂದಿದ್ದಕ್ಕೆ ಒಂದು ಸಂಕ್ರಾಂತಿಯಿಂದ ಇನ್ನೊಂದು ಸಂಕ್ರಾಂತಿವರೆಗೆ ಅವನೊಡನೆ ಮಾತು ಬಿಟ್ಟಿದ್ದಳು.

ಬುಧವಾರ ಬೆಳಿಗ್ಗೆ ಮಾರಕ್ಕ ಮಗನನ್ನು ಕರೆದಳು. "ಲೇ, ಸಾಸಲಿಗೋಗಿ ನಿನ್ ಭಾಮೈದನ್ನ ಕರ್ಕಂಬಾ."

"ಈಗ್ಯಾಕವ್ವ?"

"ನಾಳೆ ಇವಳು ಹೊರಟ್ರೆ ನಾನೂ ಜೊತೇಲಿ ಹೋಗ್ತೀನಿ. ಸೊಪ್ಪಿನ ಹೊರೆ ನೀನು ತಂದಾಕು. ಹುಳಕ್ಕೆ ಅವನು ಹಾಕ್ಲಿ."

"ಅವನಾ? ಬೈರಣ್ಣ ಮಾವನ್ನೇ ಒಳಗ್ ಬಿಡಲ್ಲ ನೀನು."

"ಅವ್ನು ಬೀಡಿ ಸೇದಲ್ಲ. ನಿನ್ನಂಗೆ ಫೋನ್ ನೋಡ್ಕಂಡು ಸೊಪ್ಪು ಎಸೆಯೋನೂ ಅಲ್ಲ. ಇವತ್ತು ಕೂತ್ಕಂಡು ಕಲಿಸ್ತೀನಿ. ಮುಂದೆ ಈ ಮನೇಲಿ ಅಂಥದ್ದೇ ಒಂದು ಹುಟ್ಟಿದ್ರೆ, ಕಲ್ಸೋದು ನಂಗೂ ರೂಢಿ ಆಗಿರ್ತದೆ."

ಒಲೆಯ ಮುಂದಿದ್ದ ಕೀರ್ತನ ತಿರುಗಿ ನೋಡಲಿಲ್ಲ. ಸಾರು ತಿರುವುತ್ತಿದ್ದ ಸೌಟು ಮಾತ್ರ ನಿಂತಿತು.

ಸಂಜೆ ಮನೋಹರ ಹೊಸ ಅಂಗಿ ತೊಟ್ಟು, ಹಬ್ಬಕ್ಕೆ ಬಂದವನ ಹಾಗೆ ಬಂದ. ಮಾರಕ್ಕ ಅವನನ್ನು ಹುಳದ ಮನೆ ಬಾಗಿಲಲ್ಲಿ ನಿಲ್ಲಿಸಿಕೊಂಡು ಕೆಲಸ ಕಲಿಸಿ, ಪಾಠ ಒಪ್ಪಿಸಿಕೊಂಡಳು.

"ಮೊದ್ಲೇನಪ್ಪಾ?"

"ಕಾಲು."

"ಆಮ್ಯಾಕೆ?"

"ಸೊಪ್ಪು. ತೆಳ್ಳಗೆ."

"ಕಾಲು ತೊಳೀದೆ ಬಂದೋರ್ನ?"

"ಬಿಡಲ್ಲ." ಹೇಳಿ ತಾನೇ ನಕ್ಕ. ಒಳಗೆ ಹುಳಗಳು ಸೊಪ್ಪು ಮೇಯುವ ಸದ್ದು ಕೇಳಿ, "ಮಳೆ," ಅಂದ.

ಹಿಂದೆ ನಿಂತು ನೋಡುತ್ತಿದ್ದ ಕೀರ್ತನ ಸೆರಗಲ್ಲಿ ಮುಖ ಒರೆಸಿಕೊಂಡಳು. "ನಾಳೆ ಹೋಗಿ ರಕ್ತ ಕೊಟ್ಟು ಬರೋಣ ಅತ್ತೆ," ಅಂದಳು.

ಗುರುವಾರ ಮೊದಲ ಬಸ್ಸಿಗೆ ಅತ್ತೆ ಸೊಸೆ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೋದರು. ಅವರನ್ನು ಬಸ್ಸು ಹತ್ತಿಸಿ, ಸೊಪ್ಪಿನ ಹೊರೆ ಹೊತ್ತು ಬಂದ ವಸಂತ ನೇರ ಹುಳದ ಮನೆಗೆ ನುಗ್ಗಲು ಹೋದ. ಮನೋಹರ ಬಾಗಿಲಿಗೆ ಅಡ್ಡ ಕೈ ಚಾಚಿದ.

"ಭಾವ," ಅಂದ, "ಕಾಲು."

ವಸಂತ ಹೊರೆ ಇಳಿಸಿ, ಚಪ್ಪಲಿ ಕಳಚಿ, ಎರಡೂ ಕಾಲನ್ನು ನೀರಿಗೆ ಇಟ್ಟು, ಅವನು ದಾರಿ ಬಿಡುವವರೆಗೂ ನಿಂತ.