ಒಂಟಿಯವಳ ಹತ್ತು ಅಂಕ

ಮಾರಿಫೆ ದೋಣಿಯ ಮುಂತುದಿಯಲ್ಲಿ ಕೂತು ಫೋನಿನಲ್ಲಿ ನಗುತ್ತಿದ್ದಳು. ಎಂಜಿನ್ನಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ, ನಗು ಮಾತ್ರ ಕಾಣುತ್ತಿತ್ತು. ಚುಕ್ಕಾಣಿ ಹಿಡಿದಿದ್ದ ರಮಿಲ್‌ಗೆ ಅಷ್ಟೇ ಸಾಕಾಯಿತು.

"ಯಾರದು ಫೋನು?" ಇಲೊಇಲೊ ಪೇಟೆಯ ದಡ ಮುಟ್ಟಿದೊಡನೆ ಕೇಳಿದ.

"ಜೆರಿಕೊ. ವೀಸಾ ವಿಷಯ."

"ವೀಸಾದಲ್ಲಿ ಅಷ್ಟು ನಗೋಂಥದ್ದು ಏನಿರುತ್ತೆ?"

"ಅವನು ಹೇಳಿದ್ರೆ ಎಲ್ಲದಕ್ಕೂ ನಗು ಬರುತ್ತೆ" ಎಂದವಳೇ ಆಸ್ಪತ್ರೆಯ ಕಡೆಗೆ ನಡೆದಳು.

ಅವಳು ನರ್ಸು. ಅವನು ಗಿಮಾರಸ್ ದ್ವೀಪಕ್ಕೂ ಪೇಟೆಗೂ ನಡುವೆ ಜನರನ್ನು ದಾಟಿಸುವವನು. ಇಬ್ಬರದೂ ಶಾಲೆಯಲ್ಲಿ ಶುರುವಾದ ಪ್ರೀತಿ. ಮದುವೆಯ ಮಾತು ಬಂದಾಗಲೆಲ್ಲ ರಮಿಲ್ "ಈ ಮಾವಿನ ಸುಗ್ಗಿ ಕಳೀಲಿ" ಎನ್ನುತ್ತಿದ್ದ. ಸುಗ್ಗಿಗಳೇನೋ ಕಳೆಯುತ್ತಲೇ ಇದ್ದವು. ಆಸ್ಟ್ರೇಲಿಯಕ್ಕೆ ಇಬ್ಬರೂ ಹೋಗೋಣ ಎಂದು ಅವಳು ಗೋಗರೆದರೆ, "ಈ ನೀರು ಬಿಟ್ಟು ನಾನೆಲ್ಲಿಗೂ ಬರಲ್ಲ. ನೀನು ಬೇಕಾದ್ರೆ ಹೋಗು" ಎಂದು ಖಡಾಖಂಡಿತವಾಗಿ ಹೇಳಿಬಿಡುತ್ತಿದ್ದ. ಅವಳು ಹೋಗುವುದಿಲ್ಲ ಎಂಬ ಧೈರ್ಯ ಅವನಿಗಿತ್ತು.

ಆ ಧೈರ್ಯ ಜೆರಿಕೊ ಬರುವ ತನಕ. ವೀಸಾ ಮಾಡಿಸಿಕೊಡುವ ವಲಸೆ ಕಚೇರಿಯ ಈ ಜೆರಿಕೊಗೆ ಇಸ್ತ್ರಿ ಮಾಡಿದ ಅಂಗಿ ಇತ್ತು, ಕಾರಿತ್ತು, ಮಾರಿಫೆಯ ರಜೆ ಯಾವಾಗ ಎಂಬುದೂ ಬಾಯಿಪಾಠವಿತ್ತು. ಅವಳು ಈಗ ರಜೆಯ ದಿನವೂ ತುಟಿಗೆ ಬಣ್ಣ ಹಚ್ಚಿ ದೋಣಿ ಹತ್ತುತ್ತಿದ್ದಳು. ಇಬ್ಬರೂ ಹಾಲೊಹಾಲೊ ಎಂಬ ಐಸಿನ ಸಿಹಿ ತಿನ್ನುವ ಚಿತ್ರವನ್ನು ಊರಿಗೆಲ್ಲ ಕಾಣುವಂತೆ ಫೋನಿನಲ್ಲಿ ಹಾಕಿದ್ದಳು. ರಮಿಲ್ ಆ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. ಒಂದೇ ಬಟ್ಟಲು, ಎರಡು ಚಮಚ. ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ಅಂದು ಚಿಲ್ಲರೆ ಕೇಳಿದ ಮುದುಕಿಯ ಮೇಲೂ ರೇಗಿದ.

ಮರುದಿನ ನೇರ ಜೆರಿಕೊನ ಕಚೇರಿಗೇ ಹೋದ.

"ಕೂತ್ಕೊಳ್ಳಿ, ನೊಂಗ್ ರಮಿಲ್" ಎಂದ ಜೆರಿಕೊ. ಅಣ್ಣ ಎಂದು ಕರೆಸಿಕೊಂಡದ್ದಕ್ಕೂ ರಮಿಲ್‌ಗೆ ಉರಿಯಿತು.

"ಅವಳನ್ನ ಎಲ್ಲಿಗೆ ಕಳಿಸ್ತಿದೀಯ?"

"ಎರಡು ದಾರಿ ಇದೆ. ಒಂದು ವೀಸಾ ಸಿಕ್ಕಿದ್ರೆ ಇಳಿದ ದಿನದಿಂದಲೇ ಕಾಯಂ, ಎಲ್ಲಿ ಬೇಕಾದ್ರೂ ಇರಬಹುದು. ಆದ್ರೆ ವಯಸ್ಸು, ಓದು, ಕೆಲಸ ನೋಡಿ ಕೊಡೋ ಅಂಕ ಜಾಸ್ತಿ ಬೇಕು. ಇನ್ನೊಂದು ಸಲೀಸಾಗಿ ಸಿಗುತ್ತೆ, ಆದ್ರೆ ಒಳನಾಡಿನ ಯಾವುದೋ ಸಣ್ಣೂರಲ್ಲಿ ಕೆಲವು ವರ್ಷ ದುಡೀಬೇಕು, ಆಮೇಲೆ ಕಾಯಂ."

"ಅವಳಿಗೆ ಯಾವುದು?"

"ನಾನು ಸಿಡ್ನಿಗೆ ಹೋಗ್ತಿದೀನಿ, ನೊಂಗ್. ಅವಳೂ ಅಲ್ಲಿಗೆ ಬಂದ್ರೆ ಚೆನ್ನಾಗಿರುತ್ತೆ ಅಂತ." ಜೆರಿಕೊ ಉಗುರು ನೋಡಿಕೊಂಡ. "ಮೊದಲನೇದಕ್ಕೆ ಅವಳ ಅಂಕ ಅಂಚಲ್ಲಿ ನಿಂತಿದೆ. ಮದುವೆಯಾಗಿಲ್ಲ ಅಂತ ಹತ್ತು ಅಂಕ ಕೊಡ್ತಾರಲ್ಲ, ಅದೇ ಕಾಪಾಡಿದ್ದು."

"ಮದುವೆ ಆಗಿಬಿಟ್ರೆ?"

"ಗಂಡ ಇಂಗ್ಲಿಷ್ ಪರೀಕ್ಷೆ ಪಾಸಾಗದವನಾದ್ರೆ ಆ ಹತ್ತೂ ಹೋಯ್ತು. ಸಿಡ್ನಿ ಕನಸೂ ಮುಗೀತು." ಆಮೇಲೆ ನಕ್ಕ. "ಈಗ ಅವಳನ್ನ ಮದುವೆ ಆಗೋರು ಯಾರಿದ್ದಾರೆ ಬಿಡಿ."

ರಮಿಲ್ ಅಲ್ಲಿಂದ ಎದ್ದವನು ಪುರಸಭೆಗೆ ಓಡಿದ. ಫೆಬ್ರವರಿಯ ಸಾಮೂಹಿಕ ಮದುವೆಗೆ ಹೆಸರು ಬರೆಸಿಕೊಳ್ಳುತ್ತಿದ್ದರು. ಮೇಯರೇ ಮದುವೆ ಮಾಡಿಸುತ್ತಾರೆ, ಕೇಕು ಪುಕ್ಕಟೆ.

ಸಂಜೆ ದೋಣಿಯಲ್ಲೇ ಮಾರಿಫೆಯನ್ನು ಕೇಳಿದ.

"ಸುಗ್ಗಿ ಇನ್ನೂ ದೂರ ಇದೆಯಲ್ಲೋ" ಎಂದಳು ಅವಳು.

"ಸುಗ್ಗಿ ಹಾಳಾಗಲಿ."

"ನಾನು ಹೋದ ಕಡೆ ಬರ್ತೀಯಾ?"

"ನೀನೆಲ್ಲೋ ನಾನಲ್ಲೇ" ಎಂದ. ಮಾತಿಗೇನು ಖರ್ಚು? ಹತ್ತು ಅಂಕ ಹೋದ ಮೇಲೆ ಅವಳು ಹೋಗುವುದಾದರೂ ಎಲ್ಲಿಗೆ?

"ಹಾಗಾದ್ರೆ ಅಮ್ಮನ ಮುಂದೆ ಹೇಳು."

ಭಾನುವಾರ ರಮಿಲ್ ತನ್ನ ತಾಯಿಯನ್ನು ಕರೆದುಕೊಂಡು, ಒಂದು ಇಡೀ ಸುಟ್ಟ ಹಂದಿಯನ್ನು ಹೊತ್ತುಕೊಂಡು ಹೆಣ್ಣು ಕೇಳಲು ಹೋದ. ಮಾರಿಫೆಯ ತಾಯಿ ಲೂರ್ದಿಸ್ ಹಂದಿಯ ಗರಿಗರಿ ಚರ್ಮ ಮುರಿದು ಬಾಯಿಗೆ ಹಾಕಿಕೊಂಡಳು.

"ನನ್ನ ಮಗಳು ಹೋದ ಕಡೆ ಹೋಗ್ತೀನಿ ಅಂದ್ಯಂತೆ. ಸಾಂತೊ ನಿನ್ಯೊ ಮುಟ್ಟಿ ಹೇಳು ನೋಡೋಣ."

ಆ ಬಾಲಯೇಸುವಿನ ಮೂರ್ತಿಯ ಪಾದ ಮುಟ್ಟಿ ರಮಿಲ್ ಆಣೆ ಮಾಡಿದ. ಎರಡೂ ಮನೆಯವರು ಸಾಕ್ಷಿಯಾದರು. ಅವನ ಮನಸ್ಸೆಲ್ಲ ಜೆರಿಕೊನ ಮೇಲೆಯೇ ಇತ್ತು. ಆ ಇಸ್ತ್ರಿ ಅಂಗಿಯ ಮುಖ ಹೇಗೆ ಬಾಡೀತು ಎಂದು ಎಣಿಸಿಕೊಂಡೇ ಅವನಿಗೆ ಊಟ ರುಚಿಸಿತು.

ಮದುವೆಯ ದಿನ ಪುರಸಭೆಯ ಅಂಗಳ ಜೋಡಿಗಳಿಂದ ತುಂಬಿಹೋಗಿತ್ತು. ಜೆರಿಕೊ ಅನ್ನದ ಕುಕ್ಕರ್ ಉಡುಗೊರೆ ಹಿಡಿದು ಬಂದಿದ್ದ. ರಮಿಲ್ ಅವನಿಗೆ ದೊಡ್ಡ ತುಂಡು ಕೇಕು ಕೊಟ್ಟು, "ತಿನ್ನು ತಮ್ಮ. ಸಿಡ್ನಿಯಲ್ಲಿ ಇಂಥದ್ದು ಸಿಗಲ್ಲ" ಎಂದ. ಜೆರಿಕೊ ತಲೆಯಾಡಿಸಿ ತಿಂದ. ಅಸೂಯೆ ಗೆದ್ದಾಗ ಎಷ್ಟು ತಂಪು ಎಂದು ರಮಿಲ್‌ಗೆ ಅವತ್ತು ಗೊತ್ತಾಯಿತು.

ಮನೆಯ ಕಡೆಗೆ ದೋಣಿ ಹೊರಟಾಗ ಹೆಂಡತಿಯ ಮೇಲೆ ಕೊಂಚ ಕನಿಕರವೂ ಬಂತು. "ನನ್ನಿಂದ ಸಿಡ್ನಿ ಹೋಯ್ತಲ್ಲ. ಬೇಜಾರಾ?"

"ನನಗೆ ಸಿಡ್ನಿ ಯಾವತ್ತೂ ಬೇಕಿರಲಿಲ್ಲ. ಒಳನಾಡಿನ ಒಂದು ಆಸ್ಪತ್ರೆಯವರು ಕರೀತಿದ್ದಾರೆ. ಆ ಎರಡನೇ ವೀಸಾಗೆ ಹತ್ತು ಅಂಕ ಕಳೆದ್ರೂ ನನ್ನವು ಸಾಕು, ಗಂಡನ ಇಂಗ್ಲಿಷ್ ಹೇಗಿದ್ರೂ ನಡೆಯುತ್ತೆ. ಸೋಮವಾರ ಇಬ್ಬರ ಹೆಸರಲ್ಲೂ ಅರ್ಜಿ."

ರಮಿಲ್ ಎಂಜಿನ್ ನಿಲ್ಲಿಸಿದ. "ಅಲ್ಲಿ ಸಮುದ್ರ?"

"ಬಸ್ಸಲ್ಲಿ ಒಂದು ಹಗಲಿನ ದಾರಿಯಂತೆ. ಆಣೆ ಮಾಡಿದೀಯ, ನೆನಪಿರಲಿ."

"ಮತ್ತೆ ಜೆರಿಕೊ... ಸಿಡ್ನಿ..."

"ಅವನ ಹತ್ರ ಪಾಸ್‌ಪೋರ್ಟೇ ಇಲ್ಲ" ಎಂದಳು ಮಾರಿಫೆ. "ನಿನ್ನ ಹೊಟ್ಟೆ ಉರಿಸೋಕೆ ಏನೇನು ಹೇಳಬೇಕು ಅಂತ ಅವನಿಗೆ ಕಲಿಸಿಕೊಟ್ಟವಳು ನಾನು."